ಕಂಬಿಲ್ಲದ ಮನೆಯ ಮೇಲಿನ ಸವಳು ಮಣ್ಣು

ನಾನು ಕಟ್ಟಿದ, ಒಡೆದ, ದುರಸ್ತಿ ಮಾಡಿದ ಮನೆಗಳಲ್ಲಿ ಒಂದೇ ಒಂದರ ಕೆಳಗೆ ನಿಲ್ಲಲು ನನಗೆ ಅಂಜಿಕೆಯಾಗಿತ್ತು. ಅದು ಹುಕ್ಕೇರಿಯಿಂದ ಹಿಡಕಲ್ ಕಡೆಗೆ ಹೋಗುವ ದಾರಿಯಲ್ಲಿತ್ತು. ಊರಿನವರು ಅದನ್ನು ‘ಕಂಬಿಲ್ಲದ ಮನಿ’ ಎನ್ನುತ್ತಿದ್ದರು. ಸುತ್ತಲಿನ ಮನೆಗಳೆಲ್ಲ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಮಣ್ಣಿನ ಮಾಳಿಗೆಯವು. ಇದು ಮಾತ್ರ ತಗ್ಗಾಗಿ, ಉದ್ದಕ್ಕೆ, ಬೆಳ್ಳಗೆ ಮಲಗಿಕೊಂಡಿತ್ತು. ಮುಂದಿನ ಗೋಡೆಯ ತುಂಬ ಗಾಜು. ಮೇಲೆ ಚಪ್ಪಟೆ ಕಾಂಕ್ರೀಟಿನ ಚಾವಣಿ. ಆ ಚಾವಣಿ ಬಾಗಿಲ ಮುಂದೆ ಹತ್ತಡಿ ಹೊರಗೆ ಚಾಚಿಕೊಂಡು, ಕೆಳಗೆ ಒಂದೂ ಆಸರೆಯಿಲ್ಲದೆ ನಿಂತಿತ್ತು.

ಹಿಡಕಲ್ ಆಣೆಕಟ್ಟಿನ ಕೆಲಸ ನಡೆದಿದ್ದ ಕಾಲದಲ್ಲಿ ಬೆಲ್ಲದ ವ್ಯಾಪಾರದ ಜೈನ ಸಾವಕಾರರೊಬ್ಬರು ಮುಂಬಯಿಯಿಂದ ಒಬ್ಬ ಎಳೆ ವಯಸ್ಸಿನ ವಾಸ್ತುಶಿಲ್ಪಿಯನ್ನು ಕರೆಸಿ ಅದನ್ನು ಕಟ್ಟಿಸಿದ್ದರಂತೆ. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಅವರ ಮಗ ಗೋಕಾಕದ ನನ್ನ ಒಂದೇ ಕೋಣೆಯ ಆಫೀಸಿಗೆ ಬಂದು ಕುಳಿತರು. ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಎಲ್ಲರಿಗೂ ಒಂದೇ ಬಚ್ಚಲು. ಅಡುಗೆಮನೆಯಲ್ಲಿ ಹಗಲೂ ದೀಪ ಹಚ್ಚಬೇಕು. ಮೇಲೆ ಎರಡು ಕೋಣೆ, ಹಿಂದೆ ಹೊಸ ಅಡುಗೆಮನೆ, ಬಚ್ಚಲುಗಳು ಬೇಕು ಎಂದರು.

“ಎಲ್ಲಾರೂ ಒಂದ ಮನ್ಯಾಗ ಇರಬೇಕ್ರಿ ಅಕ್ಕಾರ. ಮತ್ತ ಈ ಚಾತುರ್ಮಾಸಕ್ಕ ಮಹಾರಾಜರು ನಮ್ಮೂರ ಬಸದಿಗೆ ಬರಾಕತ್ತಾರ. ನಮ್ಮ ಆಯಿಗೆ ಒಂದ ಆಸೆ ಐತಿ. ಅವರ ಆಹಾರ ಒಮ್ಮೆರೆ ನಮ್ಮ ಮನ್ಯಾಗ ಆಗಬೇಕು ಅಂತ. ಅಡಗಿಮನಿ ಅಷ್ಟರಾಗ ಮುಗೀಬೇಕು.”

ಮಹಾರಾಜರೆಂದರೆ ಮಳೆಗಾಲದ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುವ ದಿಗಂಬರ ಮುನಿಗಳು. ಅವರು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಉಣ್ಣುತ್ತಾರೆ. ಯಾರ ಮನೆ ಎಂದು ಮೊದಲೇ ಹೇಳುವುದಿಲ್ಲ. ಭಕ್ತರು ಮಡಿಯಲ್ಲಿ ಅಡುಗೆ ಮಾಡಿ, ಕಳಶ ಹಿಡಿದು ಬಾಗಿಲಲ್ಲಿ ನಿಂತಿರಬೇಕು. ಮುನಿಗಳು ಮನಸ್ಸಿನಲ್ಲಿ ನೇಮಿಸಿಕೊಂಡ ಗುರುತು ಎಲ್ಲಿ ಕಂಡರೆ ಅಲ್ಲಿ ನಿಲ್ಲುತ್ತಾರೆ, ಇಲ್ಲದಿದ್ದರೆ ಮುಂದೆ ನಡೆದುಬಿಡುತ್ತಾರೆ. ನಾನು ಲಿಂಗಾಯತರ ಮನೆಯವಳಾದರೂ ಇದೆಲ್ಲ ಓಣಿಯಲ್ಲಿ ನೋಡುತ್ತಲೇ ಬೆಳೆದವಳು. ಅಡುಗೆಮನೆ ತಾನೆ, ಮುಗಿಸಿಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಮನೆ ನೋಡಿದ ಮೊದಲ ದಿನ ನಿಜಕ್ಕೂ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ನಾನು ಊರೂರಲ್ಲಿ ಕಟ್ಟಿಸಿದ ಮನೆಗಳೆಲ್ಲ ಇದರ ಮುಂದೆ ಡಬ್ಬಿಗಳು ಅನ್ನಿಸಿತು. ಅಷ್ಟರಲ್ಲಿ ಆಯಿ ಹೊರಗೆ ಬಂದರು. ಯಜಮಾನರ ತಾಯಿ, ಸಣ್ಣ ಜೀವ, ಮಾತು ಮಾತ್ರ ಚಾಟಿ. ಹಿಂದಿನ ಮೆಟ್ಟಿಲು ಹತ್ತಿ ನನ್ನನ್ನು ಮಾಳಿಗೆಗೆ ಅವರೇ ಕರೆದುಕೊಂಡು ಹೋದರು. ಮೇಲೆಲ್ಲ ಶಹಾಬಾದ್ ಕಲ್ಲು ಹಾಸಿತ್ತು.

“ಈ ಮನಿ ಒಂದ ಹನಿ ಸೋರಿಲ್ಲ ನೋಡ್ರಿ ಅಕ್ಕಾರ,” ಎಂದರು. “ಮೊದಲ ಮಳಿ ನೀರು ಹಿಂದ ಹೋಗಿ ಹರನಾಳಗಿ ಕೊಳವಿಯಿಂದ ಹಿತ್ತಲಕ್ಕ ಬೀಳ್ತಿತ್ತು. ಒಂದ ರಾಡಿ, ಒಂದ ರಾಡಿ! ಈಗ ನಾಕೈದ ವರ್ಷ ಆತು, ಎಲ್ಲಾ ನೀರ ತನ್ನಷ್ಟಕ್ಕ ತಾನ ಮುಂದ ಹೊಂಟೈತಿ.”

ಮನೆ ವಯಸ್ಸಾದ ಮೇಲೆ ಜಾಣತನ ಕಲಿತಿದೆ ಎಂಬಂತೆ ಹೇಳಿದರು. ಕಾಂಕ್ರೀಟಿನ ಇಳಿಜಾರು ತನ್ನಷ್ಟಕ್ಕೆ ತಾನು ದಿಕ್ಕು ಬದಲಿಸುವುದಿಲ್ಲ. ನೀರು ಮುಂದೆ ಹೋಗುತ್ತಿದೆ ಎಂದರೆ ಮುಂದಿನ ಅಂಚು ಬಾಗಿದೆ.

ನನ್ನ ಜೊತೆಗಿದ್ದ ಗೌಂಡಿಗೆ ನೀರು ತುಂಬಿದ ಪೈಪು ತೆಗೆಯಲು ಹೇಳಿದೆ. ಪೈಪಿನ ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ತುದಿ ಗೋಡೆಯ ಹತ್ತಿರ, ಇನ್ನೊಂದು ಮುಂದಿನ ಅಂಚಿನಲ್ಲಿ ಹಿಡಿದು ನೋಡಿದರೆ ಅಂಚು ನಾಲ್ಕು ಬೆರಳು ಕೆಳಗಿತ್ತು.

“ಕಟ್ಟೂವಾಗ ಹಂಗ ಮಾಡಿರಬೇಕ್ರಿ,” ಎಂದ ಗೌಂಡಿ.

“ಕಟ್ಟೂವಾಗ ಮಾಡಿದ್ರ ಮೊದಲ ನೀರ ಹಿಂದ ಯಾಕ ಹೋಗತಿತ್ತೋ ಮಾರಾಯಾ?” ಎಂದು ಗದರಿದೆ. ನನ್ನ ಬಾಯಿ ಒಳ್ಳೆಯದಲ್ಲ ಎಂದು ಗೋಕಾಕದ ಎಲ್ಲ ಗೌಂಡಿಗಳಿಗೂ ಗೊತ್ತು. ಅವನು ನಕ್ಕು ಪೈಪು ಸುತ್ತತೊಡಗಿದ.

ಇಂಥ ಚಾಚು ಚಾವಣಿಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದುಕೊಳ್ಳಿ. ಸೆಳೆತ ಬೀಳುವುದು ಭುಜದ ಮೇಲ್ಭಾಗಕ್ಕೆ. ಚಾಚಿದ ಕಾಂಕ್ರೀಟಿಗೂ ಹಾಗೆಯೇ. ಅದನ್ನು ಹಿಡಿದು ನಿಲ್ಲಿಸುವ ಕಬ್ಬಿಣ ಅದರ ಮೇಲ್ಭಾಗದಲ್ಲಿ, ಗೋಡೆಯ ನೆತ್ತಿಯ ಮೇಲೆ ಹಾದುಹೋಗಿರುತ್ತದೆ. ಕೆಳಗೆ ನಿಂತು ನೋಡಿದವರಿಗೆ ಚಾವಣಿಯ ಹೊಟ್ಟೆ ಕಾಣುತ್ತದೆ, ಅದು ಬೆಳ್ಳಗೆ ಚೆಂದವಾಗಿಯೇ ಇರುತ್ತದೆ. ಕೆಟ್ಟರೆ ಕೆಡುವುದು ಯಾರಿಗೂ ಕಾಣದ ಮೇಲ್ಭಾಗ.

ಹಾಗಾಗಿ ಗೋಡೆಯ ನೇರಕ್ಕೆ ಒಂದು ಶಹಾಬಾದ್ ಕಲ್ಲು ಎಬ್ಬಿಸಿದೆವು. ಅದರ ಕೆಳಗೆ ಗಾರೆ, ಗಾರೆಯ ಕೆಳಗೆ ಸ್ಲ್ಯಾಬು ಸಿಗಬೇಕಾಗಿತ್ತು. ಸಿಕ್ಕಿದ್ದು ಮಣ್ಣು. ಗೌಂಡಿ ಅಗೆದ, ಮತ್ತೆ ಮಣ್ಣು. ಬೂದಿಯಂಥ ಬಿಳಿ ಮಣ್ಣು, ಪದರು ಪದರಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅವನ ಕೈ ಮೊಣಕೈತನಕ ಒಳಗೆ ಹೋದರೂ ಕಾಂಕ್ರೀಟು ತಾಗಲಿಲ್ಲ.

“ಇದೇನ್ರಿ ಆಯಿ?”

“ಸವಳ ಮಣ್ಣ,” ಎಂದರು ಆಯಿ, ನನಗೆ ಅಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡುತ್ತ. “ಮಿರಗಾ ಮಳಿಗಿಂತ ಮೊದಲ ಮಾಳಗಿಗೆ ಸವಳ ಹಾಕಬೇಕಲ್ರಿ?”

ಗೊತ್ತಿರದೆ ಏನು! ನಮ್ಮ ಮನೆಯ ಮಾಳಿಗೆಗೂ ನಮ್ಮಜ್ಜಿ ಹಾಕಿಸುತ್ತಿದ್ದಳು. ಹಳ್ಳದ ದಂಡೆಯಲ್ಲಿ ಸಿಗುವ ಉಪ್ಪುಪ್ಪಾದ ಈ ಮಣ್ಣು ಒದ್ದೆಯಾದರೆ ಕೂಡಿಕೊಂಡು ಬಿಗಿಯಾಗುತ್ತದೆ, ನೀರನ್ನು ಕೆಳಗಿಳಿಯಗೊಡುವುದಿಲ್ಲ. ಮೃಗಶಿರಾ ಮಳೆಗೆ ಮೊದಲು ಒಂದು ಪದರು ಹರವಿ ತುಳಿದರೆ ವರ್ಷದ ಚಿಂತೆ ಮುಗಿಯಿತು. ಕಟ್ಟಿಗೆಯ ಜಂತಿ, ಮಣ್ಣಿನ ಮಾಳಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಕಾಂಕ್ರೀಟಿನ ಮೇಲೆ?

“ನಮ್ಮ ಮನಿಯವರು ಬ್ಯಾಡ ಅಂತಿದ್ರು,” ಎಂದರು ಆಯಿ. “ಖರೆ ಬರೇ ಸಿಮೆಂಟಿನ ಮ್ಯಾಲ ಹ್ಯಾಂಗ ಭರೋಸಾ ಇಡೂದ್ರಿ? ತೆಲಿ ಮ್ಯಾಲ ಮಣ್ಣ ಇರಲಿಲ್ಲಂದ್ರ ನಮ್ಮ ಅತ್ತೆರಿಗೆ ನಿದ್ದಿ ಬರ್ತಿದ್ದಿಲ್ಲ. ಅವರು ಹಾಕಿಸಿದ್ರು, ಅವರ ಹಿಂದ ನಾ. ಒಂದ ವರ್ಷ ತಪ್ಪಿಸಿಲ್ಲ. ಆಮ್ಯಾಲ ಹುಲ್ಲ ಬೆಳೀತೈತಿ ಅಂತ ಕಲ್ಲ ಹಾಸಿಸಿದ್ರು. ಕಲ್ಲಿನ ಸಂದಿ ಬಿಟ್ರ ಅದಕ್ಕೂ ಸವಳ ಕಲಿಸಿ ಹೊಯ್ಯೂದು.”

ಇಡೀ ಬದುಕು ಮನೆಯನ್ನು ಮಗುವಿನಂತೆ ನೋಡಿಕೊಂಡ ಹೆಣ್ಣುಮಗಳು ಹೇಳುವ ಮಾತು ಅದು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಗೌಂಡಿಯ ಕಬ್ಬಿಣದ ಹಾರೆ ಕೊನೆಗೂ ಠಣ್ ಎಂದಿತು. ಸ್ಲ್ಯಾಬನ್ನು ಒರೆಸಿ ನೋಡಿದರೆ ಗೋಡೆಯ ನೇರಕ್ಕೆ ಉದ್ದ ಬಿರುಕು, ಅದರ ಎರಡೂ ಮಗ್ಗಲು ಕಂದು ಕಲೆ. ಉಳಿಯಿಂದ ತುಸು ಕೆತ್ತಿದೆ. ಬೆರಳು ದಪ್ಪ ಇರಬೇಕಾಗಿದ್ದ ಸರಳು ಸಿಕ್ಕಿತು. ಉಗುರಿನಿಂದ ಕೆರೆದರೆ ಹಪ್ಪಳದ ಚೂರಿನಂತೆ ಏಳುತ್ತಿತ್ತು. ಮಳೆಗಾಲ ಮಳೆಗಾಲಕ್ಕೂ ಉಪ್ಪುನೀರು ಇಳಿದು, ಭಾರವೂ ಏರಿ, ಒಳಗೊಳಗೇ ತಿಂದು ಮುಗಿಸಿತ್ತು.

ಅವತ್ತೇ ಯಜಮಾನರನ್ನು ಕೂರಿಸಿಕೊಂಡು ಹೇಳಿದೆ. ಈ ಸ್ಲ್ಯಾಬಿನ ಮೇಲೆ ಕೋಣೆ ಕಟ್ಟುವ ಮಾತೇ ಇಲ್ಲ. ಕೋಣೆಗಳು ಹಿಂದೆ, ಹೊಸ ತಳಪಾಯದ ಮೇಲೆ. ಮೊದಲು ಚಾಚಿದ ಭಾಗಕ್ಕೆ ಕೆಳಗಿನಿಂದ ಆಸರೆ ಕೊಡಬೇಕು, ಆಮೇಲೆ ಮಣ್ಣು ಇಳಿಸಬೇಕು, ಆಮೇಲೆ ಆ ಭಾಗವನ್ನು ಕಡಿದು ಹೊಸದಾಗಿ ಹಾಕಬೇಕು.

“ಇಷ್ಟ ವರ್ಷ ನಿಂತೈತಿ. ಚಾತುರ್ಮಾಸ ಮುಗಿಯೂತನಕ ನಿಲ್ಲಂಗಿಲ್ಲೇನ್ರಿ?” ಎಂದರು.

“ಅದು ಯಾವ ಧೈರ್ಯದ ಮ್ಯಾಲ ನಿಂತೈತಿ ಅಂತ ನನಗ ತಿಳೀವಲ್ದು ಸಾವಕಾರ್ರ.”

ಅವರ ಅಪ್ಪನ ಹೆಸರು ಊರಲ್ಲಿ ಉಳಿದದ್ದೇ ಆ ಚಾವಣಿಯಿಂದ. ಬೀಗರು ಬಂದರೆ ಅದರ ಕೆಳಗೆ ಕುರ್ಚಿ, ಮದುವೆಯ ಫೋಟೋ ಅದರ ಕೆಳಗೆ. ಕಡೆಗೆ ಅರ್ಧ ಒಪ್ಪಿಕೊಂಡರು. ಕೆಳಗೆ ನೀಲಗಿರಿ ಕಂಬ ಹಚ್ಚಿರಿ, ಮೊದಲು ಅಡುಗೆಮನೆ ಮುಗಿಸಿರಿ, ಮಣ್ಣು ಮಳೆ ಬಿಡುವು ಕೊಟ್ಟಾಗ ಇಳಿಸೋಣ, ಕಡಿಯುವ ಮಾತು ಮಾತ್ರ ದೀಪಾವಳಿ ಆದ ಮೇಲೆ. ನಾನೂ ಒಪ್ಪಿದೆ. ಸ್ಲ್ಯಾಬು ಹಾಕುವಾಗ ಕೆಳಗೆ ನಿಲ್ಲಿಸುತ್ತಾರಲ್ಲ, ಅಂಥ ನೀಲಗಿರಿ ಕಂಬಗಳ ಎರಡು ಸಾಲು ನಿಲ್ಲಿಸಿ, ಮೇಲೆ ಹಲಗೆ ಕೊಟ್ಟು, ಬುಡಕ್ಕೆ ಬೆಣೆ ಹೊಡೆಸಿದೆ. ಕಂಬಿಲ್ಲದ ಮನೆಗೆ ಕಂಬ ಬಂತೆಂದು ದಾರಿಯಲ್ಲಿ ಹೋಗುವವರು ನಿಂತು ನಗುತ್ತಿದ್ದರು.

ಮಳೆಗಾಲದ ತುಂಬ ಹಿಂದೆ ಕೆಲಸ ಸಾಗಿತು. ಅಡುಗೆಮನೆ ಎದ್ದಿತು, ಒಳಗೆ ಬೆಳಕು ಬಿತ್ತು, ಸೊಸೆಯರ ಮುಖವೂ ಅರಳಿತು. ಮುಂದಿನ ಭಾಗ ಮಾತ್ರ ಸುಮ್ಮನಿರಲಿಲ್ಲ. ಬಿರುಕಿನ ಮೇಲೆ ನಾನು ಗಿಪ್ಸಮ್ಮಿನ ಬೊಟ್ಟು ಹಚ್ಚಿ ಇಟ್ಟಿದ್ದೆ; ಬೊಟ್ಟು ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ. ಹಚ್ಚಿದ್ದು ಪ್ರತಿ ಸಲವೂ ಸೀಳುತ್ತಿತ್ತು. ದೊಡ್ಡ ಬಾಗಿಲು ಮೇಲ್ಗಡೆ ಕಚ್ಚಿಕೊಳ್ಳತೊಡಗಿತು. ಹಿರಿಸೊಸೆ ಬೆಳಿಗ್ಗೆ ಹೊಸ್ತಿಲು ಸಾರಿಸಲು ಬಂದರೆ ಅಲ್ಲಿ ಚಿಟಿಕೆಯಷ್ಟು ಸುಣ್ಣದ ಪುಡಿ ಬಿದ್ದಿರುತ್ತಿತ್ತಂತೆ. “ಇಲಿ ಇರಬೇಕ್ರಿ,” ಎಂದಳು. ಊಟಕ್ಕೆ ಕುಳಿತಾಗಲೂ ನನ್ನ ಕಿವಿ ಆ ಗಾಜಿನ ಕಡೆಗೇ ಇರುತ್ತಿತ್ತು.

ಶ್ರಾವಣದಲ್ಲಿ ಒಂದು ವಾರ ಬಿಸಿಲು ಬಿತ್ತು. ಮಣ್ಣು ಇಳಿಸಲು ಗೌಂಡಿಗೆ ಒಪ್ಪಿಸಿದೆ. ಮುಂದಿನ ಅಂಚಿನಿಂದ ಶುರು ಮಾಡಬೇಕು, ಹಿಂದಕ್ಕೆ ಸರಿಯುತ್ತ ಬರಬೇಕು, ಬುಟ್ಟಿಯಲ್ಲಿ ತುಂಬಿ ಹಿಂದಿನ ಮೆಟ್ಟಿಲಿನಿಂದಲೇ ಇಳಿಸಬೇಕು, ಚಾಚಿದ ಭಾಗದ ಮೇಲೆ ಒಂದು ಬುಟ್ಟಿಯೂ ಗುಡ್ಡೆ ಹಾಕಬಾರದು. ಎರಡೆರಡು ಸಲ ಹೇಳಿದೆ, ಅವನ ಬಾಯಿಂದಲೂ ಹೇಳಿಸಿದೆ. ಆಮೇಲೆ ಕಲ್ಲೋಳಿಯಲ್ಲಿ ಇನ್ನೊಂದು ಮನೆಯ ಸ್ಲ್ಯಾಬು ಹಾಕುವುದಿತ್ತು. ಅಲ್ಲಿಗೆ ಹೋದವಳು ಮಳೆಗೆ ಸಿಕ್ಕಿಕೊಂಡೆ. ಆ ಮಳೆ ಹುಕ್ಕೇರಿಯಲ್ಲೂ ಹೊಡೆಯುತ್ತಿದೆ ಎಂದು ತಿಳಿಯಿತು. ಕಾಂಕ್ರೀಟು ಬಿಗಿಯುತ್ತಲೂ ಮೊದಲ ಬಸ್ಸು ಹಿಡಿದು ಹೊರಟೆ.

ಬಸ್ಸಿಳಿದು ಮನೆ ಕಂಡದ್ದೇ ಕಾಲು ನಿಂತವು. ಚಾವಣಿಯ ಕೆಳಗೆ ಒಂದೂ ಕಂಬವಿರಲಿಲ್ಲ. ಎಲ್ಲ ಕಂಬಗಳನ್ನು ಕಂಪೌಂಡಿಗೆ ಒರಗಿಸಿ ಇಟ್ಟಿದ್ದರು. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಮೇಲೆ ನೋಡಿದರೆ ಅಂಚಿನುದ್ದಕ್ಕೂ ತಾಡಪತ್ರಿ ಹೊದಿಸಿದ ಗುಡ್ಡೆ. ತಾಡಪತ್ರಿಯ ಅಂಚಿನಿಂದ ಬಿಳಿ ಕೆಸರು ತೊಟ್ಟಿಕ್ಕುತ್ತಿತ್ತು.

ಗೌಂಡಿ ಗೇಟಿನಲ್ಲೇ ಸಿಕ್ಕ. “ಆಳು ಕೇಳಲಿಲ್ರಿ ಅಕ್ಕಾರ. ಹಿಂದ ಮೆಟ್ಟಲಾ ಇಳಿಯೂದು ತ್ರಾಸ ಅಂತ ಎಲ್ಲಾ ಮಣ್ಣ ಮುಂದ ತಂದ ಒಟ್ಟಿದ್ರು. ಕೆಳಗ ಟ್ರ್ಯಾಲಿ ನಿಲ್ಲಿಸಿ ಒಗದ ಬಿಡೂಣು ಅಂದ್ರು. ಟ್ರ್ಯಾಲಿ ಬಸದಿ ಕೆಲಸಕ್ಕ ಹೋತು. ಅಷ್ಟರಾಗ ಮಳಿ...”

“ಕಂಬ? ಕಂಬ ಯಾಕ ತಗದ್ರಿ?”

“ಕಂಬಕ್ಕ ಇರವಿ ಹತ್ತಿದ್ದೂರಿ. ಇವತ್ತ ಮಹಾರಾಜರು ಈ ಓಣಿಗೆ ಆಹಾರಕ್ಕ ಬರಾಕತ್ತಾರ. ಅವರು ನಡೆಯೂ ಹಾದ್ಯಾಗ ಇರವಿ ತುಳಿದ್ರ ಹ್ಯಾಂಗ? ಅದಕ್ಕ ಸಾವಕಾರ್ರು ಇವತ್ತೊಂದ ದಿನ ತಗೀರಿ, ನಾಳೆ ಹಚ್ಚೂಣು ಅಂದ್ರು. ಒಂದ ಇರವಿ ಸಾಯಲಾರದಂಗ ತಗದೇವ್ರಿ.”

ತೊಗಟೆ ಬಿಡಿಸದ ನೀಲಗಿರಿ ಕಂಬ. ಮಳೆಯಲ್ಲಿ ಇರುವೆ ಹತ್ತಿತ್ತು. ಒಂದು ಇರುವೆಯ ಜೀವಕ್ಕೆ ಅಂಜಿ ಅವರು ಅಷ್ಟು ಭಾರದ ಕೆಳಗಿನ ಆಸರೆ ತೆಗೆದಿದ್ದರು. ಮತ್ತು ಈಗ ಅದೇ ಭಾರದ ಕೆಳಗೆ ಆಯಿ ಬಿಳಿ ಸೀರೆಯುಟ್ಟು, ಕಳಶದ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಿಂತಿದ್ದರು. ಬಲಕ್ಕೆ ಮಗ, ಎಡಕ್ಕೆ ಸೊಸೆಯರು. ಅವರ ಹಿಂದಿನ ಗಾಜು ಮೂಲೆಯಿಂದ ಮೂಲೆಗೆ ಸೀಳಿತ್ತು.

ನಾನು ಅಂಚಿನಾಚೆ ನಿಂತು ಮೆಲ್ಲಗೆ ಕರೆದೆ. “ಸಾವಕಾರ್ರ, ಹೊರಗ ಬರ್ರಿ. ಇಲ್ಲೆ ಬಿಸಲಾಗ ನಿಲ್ರಿ.”

ಅವರು ಕಣ್ಣಿನಲ್ಲೇ ಸುಮ್ಮನಿರಿ ಎಂದರು. ಮುನಿಗಳು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡಿದ್ದರು. ಆಹಾರಕ್ಕೆ ಹೊರಟಾಗಿನ ಮುದ್ರೆಯಲ್ಲಿ ಬಲಗೈ ಬೆರಳು ಕೂಡಿಸಿ ಭುಜದ ಮೇಲಿಟ್ಟು, ನೆಲ ನೋಡುತ್ತ ಬರುತ್ತಿದ್ದರು. ಹಿಂದೆ ಊರೇ ಇತ್ತು. ಅವರು ಇಲ್ಲಿ ನಿಂತರೆ ಅಷ್ಟೂ ಜನ ಈ ಚಾವಣಿಯ ಕೆಳಗೆ ನುಗ್ಗುತ್ತಾರೆ. ನಾನು ಕೂಗಿದರೆ ಹೆದರಿದ ಜನ ಎತ್ತ ಓಡುತ್ತಾರೋ ಗೊತ್ತಿಲ್ಲ. “ಆಯಿ, ಹೊರಗ ಬರ್ರಿ,” ಎಂದೆ. ಆಯಿಗೆ ಕೇಳಿಸಲೇ ಇಲ್ಲ. ಅವರ ಮುಖ ನೋಡಿದೆ. ಮದುಮಗಳ ಮುಖದಂತೆ ಕೆಂಪೇರಿತ್ತು. ಅವರ ತುಟಿ ‘ನಮೋಸ್ತು, ನಮೋಸ್ತು’ ಎನ್ನತೊಡಗಿತ್ತು. ಮುನಿಗಳ ನಡಿಗೆ ನಿಧಾನವಾಯಿತು. ಅವರು ಕಳಶವನ್ನೇ ನೋಡುತ್ತಿದ್ದರು.

ಆಯಿಯ ಹಿಂದಿನ ಗಾಜು ಟಿಣ್ ಎಂದಿತು.

ನಾನು ಚಾವಣಿಯ ಕೆಳಗೆ ಹೋಗಿ ಆಯಿಯ ರಟ್ಟೆ ಹಿಡಿದು ಹೊರಗೆ ಎಳೆದೆ. ಬಸ್ಸಿನಲ್ಲಿ ಬಂದವಳು, ಸ್ನಾನವಿಲ್ಲ, ಮೈಯೆಲ್ಲ ಸಿಮೆಂಟು. ಮುಟ್ಟಿದ್ದೇ ಅವರ ಮಡಿ ಹೋಯಿತು. ಮಡಿ ಹೋದ ಕೈಯಿಂದ ಆಹಾರ ಕೊಡುವ ಹಾಗಿಲ್ಲ ಎಂದು ಗೊತ್ತಿದ್ದೇ ಮುಟ್ಟಿದೆ. ಕಳಶ ಬಿತ್ತು, ತೆಂಗಿನಕಾಯಿ ರಂಗೋಲಿ ದಾಟಿ ಉರುಳಿಹೋಯಿತು. ಆಯಿಯ ಹಿಂದೆಯೇ ಮಗ, ಸೊಸೆಯರು ಗಾಬರಿಯಾಗಿ ಹೊರಗೆ ಬಂದರು. ಮುನಿಗಳು ಒಂದು ಗಳಿಗೆ ನಮ್ಮತ್ತ ನೋಡಿದರು. ಆಮೇಲೆ ಅದೇ ನಡಿಗೆಯಲ್ಲಿ ಮುಂದಿನ ಮನೆಯ ಕಡೆಗೆ ಹೋದರು. ಜನವೂ ಹೋಯಿತು.

ಚಾವಣಿ ಬೀಳಲಿಲ್ಲ.

ಯಜಮಾನರು ನನ್ನನ್ನು ಏನೇನು ಅಂದರೋ ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಗೇಟಿನಾಚೆ ನಿಂತ ಹೆಂಗಸರು ನನ್ನ ಕಡೆ ನೋಡಿದ ನೋಟವಂತೂ ಇವತ್ತಿಗೂ ಮೈಗೆ ಹತ್ತಿದೆ. ಆಯಿ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಿದ್ದರು. ಆವತ್ತು ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ. “ನಿಮ್ಮ ಕೆಲಸ ಇಲ್ಲಿಗೆ ಮುಗೀತು, ನಡೀರಿ,” ಎಂದು ಯಜಮಾನರು ಹೇಳಿದಾಗ ಅವರೇ ತಲೆಯೆತ್ತಿದರು.

“ಇಕಿ ಎಲ್ಲೂ ಹೋಗಂಗಿಲ್ಲ. ದೀಪಾವಳಿ ಗೀಪಾವಳಿ ಇಲ್ಲ, ಅದನ್ನ ಈಗ ಕಡಸು. ಖರೇನ ಅದು ಬೀಳೂದ ಇತ್ತೋ ಇಲ್ಲೋ ನಾ ಕಣ್ಣಿಲೆ ನೋಡಬೇಕು.” ನನ್ನ ಕಡೆ ತಿರುಗಿ, “ಬೀಳೂದ ಇರಲಿಲ್ಲಂದ್ರ ನೀ ನನ್ನಿಂದ ಏನ ಕಸಗೊಂಡಿ ಅಂತ ನಿನಗ ತಿಳೀಲಿ,” ಎಂದರು. ಅಲ್ಲಿಯತನಕ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದವರು.

ಕೆಳಗೆ ಹೋಗಲು ಗೌಂಡಿ ಒಪ್ಪಲಿಲ್ಲ. ಅವನನ್ನು ಒಪ್ಪಿಸಲು ನನಗೂ ಬಾಯಿ ಬರಲಿಲ್ಲ. ಮೊದಲು ಭಾರ ಇಳಿಸಿದೆವು. ಆಳುಗಳು ಗೋಡೆಯ ನೇರದಿಂದ ಹಿಂದೆ ಹಲಗೆಯ ಮೇಲೆ ನಿಂತು, ಉದ್ದ ಕಾವಿನ ಸಲಿಕೆಯಿಂದ ಗುಡ್ಡೆಯನ್ನು ತಮ್ಮ ಕಡೆ ಎಳೆದುಕೊಂಡು, ಬುಟ್ಟಿ ತುಂಬಿ ಹಿಂದಿನ ಮೆಟ್ಟಿಲಿನಿಂದ ಇಳಿಸಿದರು. ಹಸಿ ಸವಳು ಸಲಿಕೆಗೆ ಹತ್ತಿಕೊಂಡು ಬಿಡುತ್ತಿರಲಿಲ್ಲ. ಆಮೇಲೆ ಕಂಬಗಳ ತೊಗಟೆ ಸುಲಿದು, ಎರಡೂ ಮಗ್ಗಲಿನಿಂದ ಒಂದೊಂದಾಗಿ ನಿಲ್ಲಿಸುತ್ತ ಒಳಗೆ ಸರಿದೆವು. ನಿಲ್ಲಿಸಿದ ಕಂಬದ ಆಸರೆಯಲ್ಲೇ ನಿಂತು ಮುಂದಿನದನ್ನು ನಿಲ್ಲಿಸುವುದು. ಬೆಣೆ ಜೋರಾಗಿ ಹೊಡೆದರೆ ಚಾವಣಿ ಮೇಲಕ್ಕೆ ಒತ್ತಿ ಅಲ್ಲೇ ಮುರಿದೀತು. ಅಂಗೈಯಿಂದ ತಟ್ಟಿ ಬಿಗಿ ಮಾಡಿದೆವು. ಕಂಬ ನಿಲ್ಲಿಸುವಾಗ ನಾನೂ ಕೆಳಗೇ ಇದ್ದೆ. ಎಲ್ಲ ಮುಗಿಯುವತನಕ ಆಯಿ ಬೇವಿನ ಕಟ್ಟೆ ಬಿಟ್ಟು ಏಳಲಿಲ್ಲ.

ಆ ದಿನಗಳಲ್ಲಿ ಹೋಗುವವರು ಬರುವವರು ಗೇಟಿನಲ್ಲಿ ನಿಂತು, “ಏನಾತ್ರಿ, ಬಿತ್ತೇನ್ರಿ?” ಎಂದು ಕೇಳುತ್ತಿದ್ದರು. ಚಾವಣಿ ಗಟ್ಟಿಯಾಗಿ, ಬೆಳ್ಳಗೆ, ಚೆಂದವಾಗಿ ನಿಂತಿತ್ತು. ನನ್ನ ಲೆಕ್ಕವೇ ತಪ್ಪಿರಬಹುದೇ ಎಂದು ನನಗೇ ಅನುಮಾನ ಹುಟ್ಟಿತು. ಸರಳು ನಾನು ಕೆತ್ತಿದ ಒಂದು ಕಡೆ ಮಾತ್ರ ಸವೆದಿದ್ದರೆ? ಆಮೇಲೆ ಇನ್ನೂ ಹೊಲಸು ಯೋಚನೆ ಬಂತು. ಬಿದ್ದರೆ ಸಾಕು ಎಂದು ನಾನು ಬಯಸತೊಡಗಿದ್ದೆ. ಅಷ್ಟು ಚೆಂದದ ಕೆಲಸ, ಓದುವಾಗ ಚಿತ್ರದಲ್ಲಿ ನೋಡಿ ಆಸೆಪಟ್ಟಂಥದ್ದು, ಅದು ಕುಸಿದು ಬೀಳಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಕಡಿಯುವ ದಿನ ಅಂಗಳ ಖಾಲಿ ಮಾಡಿಸಿದೆ. ಗೌಂಡಿ ಗೋಡೆಯ ನೇರದಿಂದ ಹಿಂದೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನಿಂತ. ಬಿರುಕಿನ ಗುಂಟ ತುಸು ತುಸುವಾಗಿ ಸಣ್ಣ ಕಾಲುವೆಯಂತೆ ಕೆತ್ತಿ, ಒಂದೊಂದು ತುಂಡನ್ನೇ ಬಿಡಿಸಿ ಇಳಿಸುವುದು ನಮ್ಮ ಯೋಜನೆ. ಕೆಲಸ ಬಹಳ ದಿನ ಹಿಡಿಯುತ್ತದೆ ಎಂದು ಆಳುಗಳಿಗೂ ಹೇಳಿಟ್ಟಿದ್ದೆ. ಅವನು ಸುತ್ತಿಗೆ ಎತ್ತಿ ಒಂದೇ ಒಂದು ಏಟು ಹಾಕಿದ.

ಎರಡನೆಯ ಏಟು ಬೇಕಾಗಲಿಲ್ಲ. ಬಿರುಕು ಈ ತುದಿಯಿಂದ ಆ ತುದಿತನಕ ಬಾಯಿ ಬಿಟ್ಟಿತು. ಇಡೀ ಚಾವಣಿ ಒಂದೇ ತುಂಡಾಗಿ ಕಂಬಗಳ ಮೇಲೆ ಕುಳಿತುಕೊಂಡಿತು, ಒಂದು ಉಸಿರಿನಷ್ಟು ಹೊತ್ತು ಕುಳಿತೇ ಇತ್ತು. ಆಮೇಲೆ ಎಡಗಡೆಯ ಕಂಬಗಳು ಚಟಚಟ ಮುರಿದವು. ನೆಲ ನಡುಗಿತು. ಧೂಳು ಇಳಿದಾಗ ಮುಂದಿನ ಗಾಜೆಲ್ಲ ಹೋಗಿತ್ತು, ಆ ದಿನ ರಂಗೋಲಿ ಹಾಕಿದ್ದ ಜಾಗದ ಮೇಲೆ ಕಾಂಕ್ರೀಟು ಚಪ್ಪಟೆಯಾಗಿ ಬಿದ್ದಿತ್ತು. ಮೇಲೆ ಗೌಂಡಿ ಸುತ್ತಿಗೆ ಹಿಡಿದುಕೊಂಡೇ ಕುಳಿತುಬಿಟ್ಟಿದ್ದ.

ಯಜಮಾನರು ತಮ್ಮ ಸೊಸೆಯರ ಕಡೆ, ಮತ್ತೆ ಆ ಜಾಗದ ಕಡೆ ನೋಡುತ್ತಿದ್ದರು. ನನಗೆ ಗೆದ್ದೆ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ.

ಆಯಿ ಕ್ಷಮೆ ಕೇಳಲೂ ಬರಲಿಲ್ಲ, ಉಪಕಾರ ಹೇಳಲೂ ಬರಲಿಲ್ಲ. ಬಿದ್ದ ಚಾವಣಿಯ ಹತ್ತಿರ ಹೋಗಿ, ಮುರಿದ ಅಂಚಿನಲ್ಲಿ ಚಾಚಿಕೊಂಡಿದ್ದ ಒಂದು ಸರಳನ್ನು ಮುಟ್ಟಿದರು. ಅದು ಅವರ ಬೆರಳಲ್ಲೇ ಉದುರಿತು. ಇನ್ನೊಂದನ್ನು ಮುಟ್ಟಿದರು, ಅದೂ ಹಾಗೆಯೇ. ಉದ್ದಕ್ಕೂ ಒಂದೊಂದೇ ಸರಳು ಮುಟ್ಟುತ್ತ ಹೋದರು. ಕೈಯೆಲ್ಲ ಕೆಂಪಾಗಿತ್ತು.

“ಇದು ನಾ ಹಾಕಿದ ಮಣ್ಣು,” ಎಂದರು. “ಬುಟ್ಟಿ ನಾನ ಹೊತ್ತೇನಿ. ಆಳ ಇದ್ರೂ ಮೊದಲನೇ ಬುಟ್ಟಿ ನಾನ ಹೊರತಿದ್ದೆ. ಮನಿ ತಣ್ಣಗಿರಲಿ ಅಂತ.”

“ನಿಮಗ ಹ್ಯಾಂಗ ಗೊತ್ತಾಗಬೇಕ್ರಿ ಆಯಿ.”

“ಗೊತ್ತಿರಲಿಲ್ಲ. ಅದಕ ಮಹಾರಾಜರನ್ನ ನಾನ ಇದರ ಕೆಳಗ ಕರೀತಿದ್ದೆ.” ಅವರು ಕೈ ಒರೆಸಿಕೊಳ್ಳಲಿಲ್ಲ. ಹಾಗೆಯೇ ಒಳಗೆ ಹೋಗಿ ಮಲಗಿಬಿಟ್ಟರು.

ಮುಂದಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಉಳಿದ ಚಾವಣಿಯ ಮಣ್ಣನ್ನೂ ಪೂರ್ತಿ ತೆಗೆಸಿ, ಕೆಟ್ಟ ಕಡೆ ಕೆತ್ತಿಸಿ, ಸರಿಪಡಿಸಿದೆ. ಹಿಂದೆ ಎರಡು ಮಹಡಿ ಕಟ್ಟಿದೆ, ಮುಂದಿನಿಂದ ಅದು ಕಾಣದ ಹಾಗೆ. ಮುಂದೆ ಹೊಸ ಚಾಚು ಹಾಕಿದೆ, ಮೊದಲಿನ ಅರ್ಧದಷ್ಟು, ಕಂಬವಿಲ್ಲದೆ. ಯಜಮಾನರಿಗೆ ಅಷ್ಟು ಸಾಕಾಗಿತ್ತು. ನೀರು ಹಿಂದಕ್ಕೆ ಹರಿಯುವ ಹಾಗೆ ಇಳಿಜಾರು ಕೊಟ್ಟು, ಈ ಮಾಳಿಗೆಯ ಮೇಲೆ ಒಂದು ಹಿಡಿ ಮಣ್ಣೂ ಬೀಳಬಾರದು ಎಂದು ಮನೆಯವರನ್ನೆಲ್ಲ ನಿಲ್ಲಿಸಿಕೊಂಡು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮುನಿಗಳು ಚಾತುರ್ಮಾಸ ಮುಗಿಸಿ ಹೊರಟುಹೋದರು. ಆ ಮನೆಯ ಮುಂದೆ ಮತ್ತೆ ನಿಲ್ಲಲಿಲ್ಲ. ಮರುವರ್ಷ ಅವರ ಚಾತುರ್ಮಾಸ ಬೇರೆ ಊರಿನಲ್ಲಿತ್ತು.

ಆ ಮರುವರ್ಷ ಮೃಗಶಿರಾ ಹತ್ತಿರ ಬಂದಾಗ ಹೊಸ ಸ್ಲ್ಯಾಬು ನೋಡಿಬರಲು ಹೋದೆ. ಗೇಟು ತೆಗೆದವಳು ಅಲ್ಲೇ ನಿಂತೆ. ಅಂಗಳದಲ್ಲಿ ಒಂದು ಟ್ರ್ಯಾಲಿ ನಿಂತಿತ್ತು. ಅದರ ತುಂಬ ಬೂದಿಯಂಥ ಬಿಳಿ ಮಣ್ಣು.

ಹಿಂದಿನ ಮೆಟ್ಟಿಲ ಕಡೆ ಓಡಿದೆ. ಇಬ್ಬರು ಆಳುಗಳು ತುಂಬಿದ ಬುಟ್ಟಿ ಕೆಳಗಿಟ್ಟು ಬೀಡಿ ಸೇದುತ್ತ ನಿಂತಿದ್ದರು. ಮೆಟ್ಟಿಲ ಬುಡದಲ್ಲಿ ಆಯಿ ಕುಳಿತಿದ್ದರು, ಕಾಲು ಅಡ್ಡ ಚಾಚಿಕೊಂಡು. ಬಹಳ ಇಳಿದುಹೋಗಿದ್ದರು. ಹಿರಿಸೊಸೆ ಬದಿಯಲ್ಲಿ ನಿಂತು ನನಗೆ ಹೇಳಿದಳು, “ಬ್ಯಾಸಗ್ಯಾಗ ವಳವಿನ ಮಳಿ ಬಂದಾಗ ಮೂಲ್ಯಾಗ ಒಂಚೂರ ಹಸಿ ಕಂಡಿತ್ರಿ. ನನ್ನ ಜೀವಕ್ಕ ಸಮಾಧಾನ ಇಲ್ಲ. ಒಂದ ತೆಳ್ಳನ ಪದರ ಹಾಕಿದ್ರ ಏನಾಗ್ತೈತ್ರಿ ಅಕ್ಕಾರ?”

ನಾನು ಬಾಯಿ ತೆರೆಯುವ ಮೊದಲೇ ಆಯಿ ಅಂದರು, “ನಾ ಇರೂತನಕ ಒಂದ ಬುಟ್ಟಿ ಮ್ಯಾಲ ಹೋಗಂಗಿಲ್ಲ.” ಆಮೇಲೆ ನನ್ನ ಮುಖ ನೋಡಿದರು. “ಆಮ್ಯಾಲಿಂದ ನೀವ ನೋಡಕೊಳ್ರಿ ಅಕ್ಕಾರ.”

ನಾನು ಅವರ ಬಾಜೂ ಮೆಟ್ಟಿಲ ಮೇಲೆ ಕುಳಿತುಕೊಂಡೆ. ಟ್ರ್ಯಾಲಿ ಹೊರಳಿಸಿ ಕಳಿಸಿರಿ ಎಂದು ಯಜಮಾನರಿಗೆ ಹೇಳಿದೆ. ಆಗಲಿ, ಕಳಿಸೋಣ ಎಂದರು. ಸಂಜೆ ನಾನು ಬಸ್ಸಿಗೆ ಹೊರಟಾಗ ಅದು ಅಂಗಳದಲ್ಲೇ ಇತ್ತು, ಮೇಲೆ ತಾಡಪತ್ರಿ ಹೊದಿಸಿದ್ದರು.